ಎಡಗಡೆ ಎರಡು ಕಿಲೋ ಕಡಿಮೆ

ಕುರಿ ನೇತುಹಾಕುವ ಕೊಕ್ಕೆಯಲ್ಲಿ
ಇವತ್ತು ಅವಳ ಚೀಲ ನೇತಾಡುತ್ತಿದೆ.
ಸಾರ್ಮಿಯೆಂತೋ ಊರಿಗೆಲ್ಲ ನಂಬಬಹುದಾದ ತಕ್ಕಡಿ ನನ್ನದೊಂದೇ.
ಔಷಧದಂಗಡಿಯದು ಗ್ರಾಮಿಗಷ್ಟೇ ಸರಿ,
ಉಣ್ಣೆ ಮಂಡಿಯದು ಹುಟ್ಟಿನಿಂದಲೇ ಮಂಡಿಯವನ ಕಡೆಗೆ.

'ಸರಿಯಾಗಿ ನೋಡು ಓವಿದಿಯೊ,' ಅಂದಳು ಎಲ್ವೀರಾ ಕಾಯುಪಾನ್,
ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ
ಊರಿನ ಮಕ್ಕಳಿಗೆಲ್ಲ ಕಣ್ಣಳತೆಯಲ್ಲೇ ಬಡಿಸಿದವಳು.
'ಮಕ್ಕಳಾದರೆ ಸುಧಾರಿಸಿಕೊಳ್ಳುತ್ತವೆ.
ಮೋಟಾರ್‌ಸೈಕಲ್ಲಿಗೆ ದಾಕ್ಷಿಣ್ಯ ಗೊತ್ತಿಲ್ಲ.'

ಅದು ಹೊರಗೆ ನಿಂತಿದೆ, ಗೋಡೆಗೆ ಒರಗಿಸಿದಂತೆ, ಗಾಳಿಗೆ ಬೆನ್ನು ಕೊಟ್ಟು:
ಅಂಚೆಯವನಿಂದ ಕೊಂಡ ಕೆಂಪು ಗಾಡಿ, ನೂರೈವತ್ತು ಸಿಸಿ.
ಕಾಗದದ ಚೀಲ ಉಜ್ಜಿ ಉಜ್ಜಿ ಟ್ಯಾಂಕಿನ ಒಂದು ಮಗ್ಗುಲು ಬೆಳ್ಳಗಾಗಿದೆ.
ಅದರ ಮೇಲೆ ಅವಳು ಹೋದದ್ದು ಕೆರೆಯ ತನಕ,
ಚೆರ್ರಿ ತೋಟಗಳ ತನಕ,
ಒಮ್ಮೆ ರಿಯೋ ಮಾಯೋ ತನಕ (ವಾಪಸು ಬಂದದ್ದು ಲಾರಿಯಲ್ಲಿ).
ನಾಳೆ ಲಾ ಕಿಯಾಕಾಗೆ.
ನನ್ನ ಗೋಡೆಯ ಭೂಪಟದಲ್ಲಿ ಅದಕ್ಕೆ ಕೈ ಎಟುಕುವುದಿಲ್ಲ,
ಸ್ಟೂಲು ಹತ್ತಬೇಕು.

ಅಲ್ಲೇ ಯಾಕೆ? ಕೇಳಿದೆ.
ಅಡುಗೆಮನೆಯ ಗೋಡೆಗೆ ಅಂಟಿಕೊಂಡೇ ನಾಲ್ಕನೇ ತರಗತಿ.
ಪ್ರತಿ ಮಾರ್ಚಿನಲ್ಲೂ ಮಕ್ಕಳು ದಕ್ಷಿಣದಿಂದ ಉತ್ತರಕ್ಕೆ
ಊರುಗಳ ಹೆಸರು ಕೂಗುತ್ತಾ ಹೋಗುತ್ತಿದ್ದರಂತೆ.
'ಕೊನೆಯ ಹೆಸರಿನ ಹೊತ್ತಿಗೆ ಸರಿಯಾಗಿ ಹಾಲು ಉಕ್ಕುತ್ತಿತ್ತು, ಮಾರಾಯ.
ಒಂದು ವರ್ಷವೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ.'

ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ ತಿಳಿದವರು.
ಇಲ್ಲಿ ಗಾಳಿ ನಿಂತ ದಿನ ಯಾವುದು?
ಆದರೂ ತೂರಿದಳು, ನನ್ನ ಅಂಗಡಿಯನ್ನೇ ಕಣ ಮಾಡಿಕೊಂಡು.
ರೊಸೆಂದೋ ಕೊಟ್ಟ ಪಾನಾಗಳು, ನಾಲ್ಕು ಕಿಲೋ ಕಬ್ಬಿಣ:
ಹತ್ತು, ಹನ್ನೆರಡು, ಹದಿನೇಳು ಉಳಿದವು, ಮಿಕ್ಕವು ಹೊರಗೆ.
ಕ್ಲಚ್ಚಿನ ತಂತಿ ಉಳಿಯಿತು. ಟ್ಯೂಬು ಎರಡೂ ಉಳಿದವು.
ಪಾದ್ರಿಯ ಹಿತ್ತಾಳೆ ಸಂತ ಮುನ್ನೂರೈವತ್ತು ಗ್ರಾಂ ತೂಗಿ
ನನ್ನ ಗಲ್ಲಾಪೆಟ್ಟಿಗೆಯ ಪಕ್ಕ ನಿಂತ, ಈಗಲೂ ಅಲ್ಲೇ ಇದ್ದಾನೆ.
ಎದೆಗೆ ಒಳಗಿಂದ ಹೊದೆಯಲು ಹಳೆಯ ಪೇಪರು, ಬೇಕು.
ಥರ್ಮಾಸು, ಮಾತೆ ಬುರುಡೆ, ಅದರ ಕೊಳವೆ –
ನಾನು ಹುಬ್ಬೆತ್ತುವ ಮೊದಲೇ 'ಅದರ ತಂಟೆಗೆ ಬರಬೇಡ' ಅಂದಳು.

ತಂಗಿ ಇರ್ಮಾ ತುರುಕಿದ ಕಪ್ಪು ಹೀಲ್ಸು,
ದಾರಿಯಲ್ಲಿ ಯಾರಾದರೂ ಮದುವೆಗೆ ಕರೆದರೆ ಅಂತ.
ತೆಗೆದಳು. ಇಟ್ಟಳು. ಬೈದು ತೆಗೆದಳು.
ಕೊನೆಗೆ ಎಡಚೀಲಕ್ಕೊಂದು, ಬಲಚೀಲಕ್ಕೊಂದು.

ಇಷ್ಟಾದರೂ ಎಡಗಡೆ ಎರಡು ಕಿಲೋ ಕಡಿಮೆ.
ಮುಳ್ಳು ನಡುಗಿ ನಡುಗಿ ಅಲ್ಲೇ ನಿಂತಿತು.
ಪಶ್ಚಿಮದ ಗಾಳಿ ಎಡಕ್ಕೇ ಬಡಿಯುವುದು, ಉತ್ತರಕ್ಕೆ ಹೊರಟವರಿಗೆ;
ಹಗುರವಿದ್ದರೆ ಎತ್ತಿ ಹಾಕುತ್ತದೆ.
ಒಣಗಿಸಿದ ಕುರಿಮಾಂಸ ಇತ್ತು, ಉಪ್ಪು ಜಾಸ್ತಿ ಹಾಕಿದ್ದು.
ಎರಡು ಕಿಲೋ ಕತ್ತರಿಸಿ, ಕಾಗದ ಸುತ್ತಿ, ದಾರ ಬಿಗಿದೆ.
ದುಡ್ಡು ತೆಗೆಯಹೋದಳು. ಬಂದ ಮೇಲೆ, ಅಂದೆ.

'ಇದನ್ನು ತಿನ್ನುತ್ತೇನಲ್ಲ,' ಅಂದಳು.
'ದಿನಾ ಒಂದಿಷ್ಟು ಕಡಿಮೆಯಾಗುತ್ತದಲ್ಲ. ಆಗ?'
ನಲವತ್ತು ವರ್ಷ ತೂಕ ಮಾರಿ ಬದುಕಿದವನು ನಾನು.
ಅದನ್ನು ಯೋಚಿಸಿರಲಿಲ್ಲ.
ಅವಳೇ ಅಂದಳು, ಬಕಲು ಬಿಗಿಯುತ್ತಾ:
'ಆಗ ಬಲಗಡೆಯಿಂದ ಏನಾದರೂ ಯಾರಿಗಾದರೂ ಕೊಟ್ಟರಾಯಿತು.'

ಚೀಲಗಳನ್ನು ಎರಡು ಕೈಯಲ್ಲಿ ಹೊತ್ತು ಹೋದಳು,
ಬಾಗಿಲನ್ನು ಗಾಳಿಯೇ ಮುಚ್ಚಿತು.

ಆಮೇಲೆ ಪಾಸ್ಕುವಾಲಾ ಬಂದು ಒಂದು ಕಿಲೋ ಪಕ್ಕೆಲುಬು ಕೇಳಿದಳು.
ತಕ್ಕಡಿಗೆ ಹಾಕದೆ ಕಟ್ಟಿಕೊಟ್ಟೆ.
'ಜಾಸ್ತಿ ಇದೆಯಲ್ಲೋ,' ಅಂದಳು, ಕೈಯಲ್ಲಿ ಹಿಡಿದು ನೋಡಿ.
ಕೊಸರು, ಅಂದೆ.