ಕೊಡವಬೇಡ

ಕಂಕನಾಡಿಯ ಆಸ್ಪತ್ರೆ, ನೆಲಮಾಳಿಗೆಯ ಲಾಂಡ್ರಿ.
ಏರು ತಗ್ಗಿನ ಊರಲ್ಲವಾ, ನಮ್ಮ ಕಿಟಕಿಗೆ ಕಾಣುವುದು
ರಸ್ತೆಯಲ್ಲಿ ಹೋಗುವವರ ಕಾಲು ಮಾತ್ರ.

ಹೊಸ ಹುಡುಗ, ಕುಷ್ಟಗಿ ಕಡೆಯವನು, ಯಮನೂರ.
ಬಂದವನೇ ಬೆಡ್‌ಶೀಟು ಹಿಡಿದು ಫಟಾರನೆ ಕೊಡವಿದ,
ಅಂಗಳದಲ್ಲಿ ಕಂಬಳಿ ಕೊಡವಿದ ಹಾಗೆ.
ಕೊಡವಬೇಡ ಮಾರಾಯ, ಎಂದೆ.
"ಯಾಕ್ರೀ ಅಕ್ಕಾರ, ಧೂಳ ಹೋಗ್ಬೇಕಲ್ರೀ?"

ಧೂಳಾಗಿದ್ದರೆ ಕಾಣುತ್ತಿತ್ತು.

ಗೋಡೆಯ ಮೇಲೆ ಇಂಗ್ಲಿಷಿನ ಹಾಳೆ,
ಅದರಲ್ಲಿ ಮೂರು ಕೊಂಬಿನ ಕಪ್ಪು ಗುರುತು.
ಎಂಟು ವರ್ಷ ನಾನದನ್ನು ಹೂವೆಂದುಕೊಂಡಿದ್ದೆ.

ನನಗೆ ಪಾಠ ಹೇಳಿದ್ದು ಒಂದು ದಿಂಬಿನ ಚೀಲ.
ಒಳಗೆ ಯಾರೋ ಮರೆತ ಸೂಜಿ.
ಇರುವೆ ಕಚ್ಚಿದಷ್ಟು ನೋವು, ಸಾಸಿವೆಯಷ್ಟು ರಕ್ತ.
ಬೂತಾಯಿ ಕೊಯ್ಯುವಾಗ ಮುಳ್ಳು ತಾಗಿದರೆ ಚೀಪುತ್ತೇವಲ್ಲ,
ಹಾಗೇ ಚೀಪಿದೆ.
ಚೀಪಬಾರದು ಅಂತ ಸಿಸ್ಟರ್ ಎಡ್ವಿನಾ ಹೇಳಿದ್ದು ಮರುದಿನ.

ಆರು ತಿಂಗಳಲ್ಲಿ ಮೂರು ಸಲ ರಕ್ತ ಕೊಟ್ಟೆ.
ಮನೆಯಲ್ಲಿ ನನ್ನ ಲೋಟ ಬೇರೆ ಇಟ್ಟೆ,
ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.
ಒಂದು ಸಂಜೆ ಮಗಳು ಅದರಲ್ಲೇ ನೀರು ಕುಡಿದಳು.
ಅವಳಿಗೆ ಹೊಡೆದೆ.

ವರದಿ ಬಂತು: ಏನೂ ಇಲ್ಲ.
ಲೋಟವನ್ನು ಉಳಿದವುಗಳ ಸಾಲಿನಲ್ಲಿ ಕವುಚಿಟ್ಟೆ.
ಹೊಡೆದದ್ದನ್ನು ಎಲ್ಲಿಡಲಿ?

ನೋಡು ಯಮನೂರ, ಹೀಗೆ.
ನಾಲ್ಕೂ ಮೂಲೆ ಒಳಕ್ಕೆ ಮಡಚು, ಮೆಲ್ಲಗೆ ಸುತ್ತು,
ನಿದ್ದೆ ಹೋದ ಮಗುವನ್ನು ಎತ್ತಿದ ಹಾಗೆ ಎತ್ತು,
ಎದೆಗೆ ಮಾತ್ರ ತಾಗಿಸಬೇಡ.
ರಕ್ತ ಇದ್ದದ್ದು ಬೇರೆ ಚೀಲಕ್ಕೆ.

ಗವಸು ಹರಿದಿದೆಯಾ? ಹೊಸದು ಕೇಳು.
ಸ್ಟಾಕ್ ಇಲ್ಲ ಅಂದರೆ ಮೆಷಿನು ಆಫ್ ಮಾಡಿ
ಸ್ಟೂಲಿನಲ್ಲಿ ಕೂತುಕೋ.
ಪಕ್ಕದ ಸ್ಟೂಲು ನನ್ನದು.