ಎರಡು ದಿನದ ವೈರು

ನೂರಾ ನಲವತ್ತು ಮೀಟರ್ ವೈರು ನಮ್ಮದು,
ಒಂಬತ್ತು ಕಡೆ ಟೇಪು ಸುತ್ತಿದ ಗಾಯ.
ಶುಕ್ರವಾರ ರಾತ್ರಿಯೇ ಹೊನ್ನೂರಸಾಬ್ ಅಂಗಡಿ ಗೋಡೆಗೆ
ಸೀಮೆಸುಣ್ಣದಲ್ಲಿ ಬರೆದುಬಿಡುತ್ತಾನೆ:
ಶನಿ ಐದೂವರೆ ಪುಸ್ತಕ, ಎರಡು ಮೈಕು.
ಶನಿ ಒಂಬತ್ತು ಮುಶಾಯಿರಾ, ಕೌಲ್ ಬಜಾರ್.
ಭಾನು ಹತ್ತು ಮಕ್ಕಳ ಚಿತ್ರ, ಕೋಟೆ ಕೆಳಗೆ, ಬರೀ ಹಾರ್ನು.
ಭಾನು ರಾತ್ರಿ ಬಯಲಾಟ. ಎಲ್ಲಾ ಬೇಕು.

ಬಳ್ಳಾರಿಯ ಕಲೆ ನನಗೆ ಗೊತ್ತಿರುವುದು ಹಿಂದಿನಿಂದ.
ಪರದೆ ಹಿಂದಿನ ಪೊರಕೆ,
ಸನ್ಮಾನದ ಶಾಲಿಗೆ ಅಂಟಿಕೊಂಡೇ ಉಳಿದ ಬೆಲೆಚೀಟಿ,
ನಾಂದಿಗೆ ಮುಂಚೆ ಗಣಪತಿ ಮುಂದೆ
ಯಾರೋ ಮರೆತ ಅರ್ಧ ಮಿರ್ಚಿ.

ಪುಸ್ತಕಕ್ಕೆ ಬಂದವರು ಮೂವತ್ತೊಂದು ಜನ,
ಅದರಲ್ಲಿ ಹನ್ನೆರಡು ವೇದಿಕೆ ಮೇಲೆ.
ಅಧ್ಯಕ್ಷರು ಮೈಕನ್ನು ಕುಲ್ಫಿ ಹಿಡಿದಂಗೆ ಹಿಡಿದು
‘ಸಮಯದ ಅಭಾವದಿಂದ’ ಅಂತ ಶುರು ಮಾಡಿ
ನಲವತ್ತು ನಿಮಿಷ.
ಬರೆದಾಕೆ ಕುರುಗೋಡು ಕಡೆಯ ಟೀಚರು, ಗಾದಿಲಿಂಗಮ್ಮ.
ಆಕೆಯ ಸರದಿ ಬಂತು, ಕರೆಂಟು ಹೋಯಿತು.
ಆಕೆ ಮೈಕು ಬಿಟ್ಟು ಮೆಟ್ಟಿಲಿಳಿದು ಓದಿದಳು.
ಜನ ಕುರ್ಚಿ ಸಮೇತ ಹತ್ತಿರ ಸರಿದರು,
ಕಿಟಕಿಯಾಚೆಯ ಆಟೋ ಡ್ರೈವರ್ ಕೂಡ ಎಂಜಿನ್ ಆರಿಸಿದ.
ನನಗೆ ಸ್ವಲ್ಪ ಅವಮಾನವೇ ಆಯಿತು ಅನ್ನಿ.

ಮುಶಾಯಿರಾದಲ್ಲಿ ನನಗೆ ಅರ್ಥವಾಗುವುದು ವಾಹ್ ಮಾತ್ರ.
ಹೊನ್ನೂರಸಾಬ್ ಮೊಣಕೈಯಿಂದ ತಿವಿಯುತ್ತಾನೆ:
‘ಅಗಲಿಕೆ ಬಂತು, ಎಕೋ ಎರಡು ಗೆರೆ ಏರಿಸು.
ಈಗ ಇಳಿಸು, ಇದು ಬರೀ ಹೊಟ್ಟೆಕಿಚ್ಚು.’
ರಾತ್ರಿ ಒಂದಕ್ಕೆ ಒಬ್ಬ ಮುದುಕ ನಿಂತ.
ಅವನಿಗೆ ಎಷ್ಟು ಕೊಡಲಿ ಅಂತ ತಿರುಗಿ ನೋಡಿದೆ.
ಹೊನ್ನೂರಸಾಬ್ ತಿವಿಯಲಿಲ್ಲ. ಕಣ್ಣು ಮುಚ್ಚಿದ್ದ.

ಕೋಟೆ ಕೆಳಗೆ ಮುನ್ನೂರು ಮಕ್ಕಳು, ಒಂದೇ ಬೆಟ್ಟ.
ಎಲ್ಲರದ್ದೂ ಬೆಟ್ಟವೇ, ಬೆಟ್ಟದ ಮೇಲೆ ಬಾವುಟವೇ.
ಒಂದು ಹುಡುಗಿ ಮಾತ್ರ ಬೆಟ್ಟಕ್ಕೆ ಬೆನ್ನು ಕೊಟ್ಟು ಕೂತು
ಕಂಬದ ಮೇಲಿನ ನಮ್ಮ ಹಾರ್ನು ಬರೆದಳು,
ಅದರ ಬಾಯೊಳಗೆ ಒಂದು ಗುಬ್ಬಿ.
ಬಹುಮಾನ ಬರಲಿಲ್ಲ.
ಆ ಹಾಳೆ ಈಗ ನನ್ನ ಟೂಲ್ಸ್ ಡಬ್ಬಿಯಲ್ಲಿದೆ.

ಬಯಲಾಟದ ದುಶ್ಯಾಸನ ಮಾರೆಪ್ಪ,
ಜೀನ್ಸ್ ತೊಳೆಯುವ ಯೂನಿಟ್ಟಿನಲ್ಲಿ ಹದಿನಾಲ್ಕು ವರ್ಷ.
ಮೊಣಕೈವರೆಗೂ ನೀಲಿ, ಉಗುರಿನೊಳಗೂ ನೀಲಿ,
ಯಾವ ಸೋಪಿಗೂ ಬಗ್ಗದ ನೀಲಿ.
ದ್ರೌಪದಿ ಅದೇ ಕಡೆ ಜಿಪ್ಪು ಹೊಲಿಯುವ ಹುಲಿಗೆಮ್ಮ.
ಹನ್ನೊಂದು ಸೀರೆಗೆ ತಾನೇ ಜೋಡಿ ಹೊಲಿಗೆ ಹಾಕಿದ್ದಳು:
‘ಜೀನ್ಸಿನ ದಾರ ಐತಣ್ಣ, ಎಷ್ಟಾದ್ರೂ ಎಳಿ.’
ಎಳೆದ. ಎಳೆಯುತ್ತಲೇ ಹೋದ.
ಮೇಲೆ ಬಿದಿರಿನ ಮಂಚದ ಮೇಲೆ ನಿಂತ ಕೃಷ್ಣ,
ಬ್ಯಾಂಕಿನ ಗುಮಾಸ್ತ, ಬೆವರಿಗೆ ಬಣ್ಣ ಕರಗಿ
ಬಿಳುಚಿಕೊಂಡು ಅಭಯ ಹಿಡಿದಿದ್ದ.
ಇಡೀ ರಂಗದಲ್ಲಿ ನೀಲಿ ಕೈ ಅಂತ ಉಳಿದದ್ದು
ಎಳೆಯುವವನದೊಂದೇ.
ಮುಂದೆ ಚಾಪೆ ಮೇಲೆ ಕೂತ ಅಜ್ಜಿಯೊಬ್ಬಳು
ಯಾರಿಗೆ ಕೈ ಮುಗಿದಳೋ ನಾನು ಹೇಳಲಾರೆ.
ಕೊನೇ ಸೀರೆ ನನ್ನ ಆಂಪ್ಲಿಫೈಯರ್ ಮೇಲೆ ಬಂದು ಬಿತ್ತು,
ಬಿಸಿ ಇತ್ತು, ತೆಗೆದು ಮಡಚಿಟ್ಟೆ.

ಬೆಳಗಿನ ಜಾವ ವೈರು ಸುತ್ತುವಾಗ
ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಅಂಗೈಗೆ,
ಮಾರೆಪ್ಪ ಬಂದ. ಮೀಸೆ ಕಿತ್ತಿದ್ದಾನೆ, ಅಂಟು ಉಳಿದಿದೆ.
ಬೈಕಿನ ಮೇಲೆ ಊಟದ ಡಬ್ಬಿ, ಆರಕ್ಕೆ ಶಿಫ್ಟು.
‘ನನ್ನ ದನಿ ಹಿಂದಿನ ಸಾಲಿಗೆ ಕೇಳ್ತಾ?’
ಕೇಳಿತು ಅಂದೆ.
ಅವನದು ಅಬ್ಬರದ ಗಂಟಲು ಅಂತ
ರಾತ್ರಿಯಿಡೀ ಅವನ ಮೈಕು ಪೂರಾ ಬಂದ್ ಇಟ್ಟಿದ್ದೆ.