ಬಗಲಿಗೆ ಯಾರು ಹೇಳಿದರು

ಬೆರಳಿಗೆ ಚುಚ್ಚಿದ್ದು ಜಾಲಿ ಮುಳ್ಳು,
ಬಗಲಾಗ ಎದ್ದದ್ದು ಗಡ್ಡಿ.
"ಇಲ್ಲಿ ಆದದ್ದನ್ನ ಅಲ್ಲಿಗೆ ಹೇಳಿದವ್ರು ಯಾರು?"
ಗುಳೇದಗುಡ್ಡದ ಕಟ್ಟಿಮ್ಯಾಲ
ತೋಳೆತ್ತಿ ಕುಂತಾಳ ಶಂಕ್ರವ್ವತ್ತಿ,
ಬಾಗಲಕೋಟಿ ದವಾಖಾನ್ಯಾಗ
ಗಾಜಿನ ಮ್ಯಾಲಿನ ರಕ್ತ ನೋಡೂ ನನಗ
ಪರೀಕ್ಷಾ ಇಟ್ಟವರಂಗ.

ಚರ್ಮದಾಗ ಒಬ್ಬಾಕಿ ಇರ್ತಾಳತ್ತಿ.
ಡೆಂಡ್ರಿಟಿಕ್ ಅಂತಾರ, ಗಿಡದಂಗ ಟೊಂಗಿ ಅಕಿಗೆ.
ಬಡಿದಾಡೂದು ಅಕಿ ಕೆಲಸಲ್ಲ.
ಮುಳ್ಳಿನ ಜೋಡಿ ಬಂದ ಕ್ರಿಮಿನ ತಡವತಾಳ, ನುಂಗತಾಳ,
ಒಳಗೊಳಗ ಕತ್ತರಸಿ
ಒಂದು ಚೂರು ಹೊರಗ ಹಿಡಕೋತಾಳ.
ಆಮ್ಯಾಲ ಟೊಂಗಿ ಮಡಚಿ, ಕುಂತ ಜಾಗಾ ಬಿಟ್ಟು,
ಬಣ್ಣಿಲ್ಲದ ನೀರಿನ ಸಣ್ಣ ಹಾದಿ ಹಿಡದು
ಬಗಲಿನ ಪ್ಯಾಟಿಗೆ ಹೊಂಡತಾಳ.

ಅಲ್ಲಿ ಲಕ್ಷಗಟ್ಟಲೆ ಟಿ ಕೋಶ.
ಒಬ್ಬೊಬ್ಬಗ ಒಂದ ಗುರ್ತು, ಹುಟ್ಟಿದಾಗಿಂದ.
ನೋಡಪಾ, ಇದು ನಿನ್ನದೇನು?
ಅಲ್ಲ.
ನಿನ್ನದು?
ಅಲ್ಲ.

ಅತ್ತಿ ನಕ್ಕಳು. "ಗೌರಿ ಮದಿವ್ಯಾಗ ನಾ ಮಾಡಿದ್ದೂ ಅದನ ಅಲ್ಲೇನ?"
ಇಳಕಲ್ಲ ಸೀರಿ ಸೆರಗಿಂದ ಬೆರಳಗಲದ ಚೂರು ಕತ್ತರಿಸಿ
ಹದಿನೇಳು ಅಂಗಡಿ ತಿರಿಗಿದ್ದಳಂತ, ಖಣ ಹೊಂದಸಾಕ.
"ಹತ್ತರದ್ದು ಐತಿ ಅಂತಾರ. ಹತ್ತರದ್ದು ತಗೊಂಡು ಏನ್ ಮಾಡ್ಲಿ?"
ಹದಿನೆಂಟನೇ ಅಂಗಡ್ಯಾಗ ಮುದುಕ ಮಾನಪ್ಪ
ಚೂರು ನೋಡಿದಾಂವ ಮಾತಾಡಲಿಲ್ಲ,
ಎದ್ದು ಅಟ್ಟದ ಮ್ಯಾಲ ಕೈ ಹಾಕಿದ.

ಹಂಗನ ಅತ್ತಿ.
ಅಂವ ಒಬ್ಬ ಸಿಕ್ಕರ ಸಾಕು,
ಒಂದು ಎರಡಾಗಿ, ಎರಡು ನಾಕಾಗಿ, ಓಣಿ ತುಂಬತಾರ.
ಬಗಲಾಗಿನ ಗಡ್ಡಿ ಬ್ಯಾನಿ ಅಲ್ಲ,
ಒಳಗ ಮಗ್ಗ ಹೂಡ್ಯಾರ.

"ಮತ್ತ ನಾ ತಿನ್ನೂ ರೊಟ್ಟಿ? ಮಗ್ಗದ ಮುಂದ ಕುಡಿಯೂ ಅರಳಿ ಧೂಳಾ?
ನನ್ನವ ಸತ್ತ ಚೂರು?"
ಅವನ್ನೂ ಒಯ್ತಾಳ. ಆದ್ರ ದನಿ ಬ್ಯಾರೆ:
ಇದು ನಮ್ಮದ, ಸುಮ್ನಿರು.
ಕಾದಾಡ್ರಿ ಅನ್ನೂದಕ್ಕಿಂತ
ಹೆಚ್ಚು ಸಲ ಹೇಳೂದು ಅದನ.

ಅತ್ತಿ ಸುಮ್ಮನಾದಳು.
ಮುಷ್ಟಿ ಮಾಡಾಕ ಹೋದಳು, ಆಗಲಿಲ್ಲ.
ಹತ್ತು ವರ್ಷದ ಸಂದಿವಾತ, ಗೆಣ್ಣೆಲ್ಲ ಸೊಟ್ಟ,
ಲಾಳಿ ಬಿಟ್ಟ ಬೆರಳು.
ತನ್ನ ಮೈ ತನಗ ಎದುರಾಳಿ ಅಂತ ಬಂದ ರಿಪೋರ್ಟು
ನಾನ ಟೈಪ್ ಮಾಡಿದ್ದು.

"ಹಂಗಾರ," ಅಂದಳು, ಬೆರಳು ನೋಡಕೋತ,
"ಇವು ನಮ್ಮವು ಅಂತ ಹೇಳೂದನ್ನ
ಅಕಿ ಯಾವತ್ತು ಮರೆತಳು?"

ಆಜೂಬಾಜೂ ಮನ್ಯಾಗ ಮಗ್ಗ ನಡದಿತ್ತು.
ನಾ ಸೂಜಿ ತಗೊಂಡು
ಮುಳ್ಳಿನ ಮುರುಕು ಹುಡುಕಿದೆ.